ಮೂರು ರೈಲಿನ ಬ್ರೆಡ್ಡು

ರಾಜೀವಿಯ ಕೋಣೆಯಲ್ಲಿ ಗಡಿಯಾರ ಇರಲಿಲ್ಲ. ಯಾರಾದರೂ ಕೇಳಿದರೆ, "ನಮ್ಮ ಗಡಿಯಾರ ರೈಲ್ವೆಯವರ ಹತ್ರ ಉಂಟು, ಕೀ ಕೊಡುವ ಕೆಲಸವೂ ಅವರದ್ದೇ" ಎನ್ನುತ್ತಿದ್ದಳು. ಮಾತು ಸುಳ್ಳಲ್ಲ. ವಡಾಲದ ಆ ಚಾಳಿನ ಬೆನ್ನಿಗೇ ಹಾರ್ಬರ್ ಲೈನು. ಕುರ್ಲಾ ಕಡೆಗೆ ಲೋಕಲ್ ಹೋದಾಗಲೆಲ್ಲ ಗೂಡಿನ ತಟ್ಟೆಗಳು ಗಡಗಡ ಎನ್ನುತ್ತಿದ್ದವು. ಒಂದು ಗಡಗಡಕ್ಕೆ ಅನ್ನ, ಎರಡಕ್ಕೆ ಬೇಳೆ, ಮೂರಕ್ಕೆ ಬಾಳೆಹಣ್ಣಿನ ಬ್ರೆಡ್ಡು.

ಅವಳು ಮುಂಬಯಿಗೆ ಬಂದದ್ದೇ ಒಂದು ನೆಪದಿಂದ. ಗಂಡ ಶೇಖರ ಮಾಟುಂಗದ ಹೋಟೆಲೊಂದರಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುವವನು. ಉಡುಪಿ ಕಡೆಯ ಹೋಟೆಲು ಹುಡುಗರ ಹೆಂಡಂದಿರೆಲ್ಲ ಊರಲ್ಲೇ ಇರಬೇಕು, ಗಂಡಸರು ಹೋಟೆಲಿನ ಅಟ್ಟದ ಮೇಲೆ ಮಲಗಬೇಕು. ಅದು ಯಾರು ಮಾಡಿದ ಕಾನೂನೋ, ಮಾಡಿದವನಿಗೆ ಮದುವೆಯಾಗಿರಲಿಕ್ಕಿಲ್ಲ. ಎಂಟು ವರ್ಷದ ಸಂಸಾರದಲ್ಲಿ ರಾಜೀವಿ ಗಂಡನ ಮುಖ ನೋಡಿದ್ದು ಒಟ್ಟು ಹನ್ನೊಂದು ತಿಂಗಳು. ಐವತ್ತಾರರ ಮೇ ತಿಂಗಳಲ್ಲಿ, ಹಲ್ಲುನೋವಿಗೆ ಮುಂಬಯಿಯ ಡಾಕ್ಟರೇ ಆಗಬೇಕೆಂದು ಅತ್ತೆಗೆ ಹೇಳಿ ಬಂದಳು. ಹಲ್ಲು ಒಂದೇ ವಾರದಲ್ಲಿ ಕಿತ್ತುಹೋಯಿತು. ರಾಜೀವಿ ಹೋಗಲಿಲ್ಲ. ಗಂಡನ ಜೊತೆ ಇರುವುದು ಅವಳಿಗೆ ಇಷ್ಟವಾಗಿತ್ತು, ಅದನ್ನು ಮುಚ್ಚಿಡಬೇಕೆಂದು ಅವಳಿಗೆ ಅನಿಸಲೂ ಇಲ್ಲ.

ಆದರೆ ಬಾಡಿಗೆ ಕೋಣೆ ಶೇಖರನ ಸಂಬಳವನ್ನು ತಿಂದು ತೇಗುತ್ತಿತ್ತು. ಅತ್ತೆಯ ಕಾಗದ ಬಂತು: ದೀಪಾವಳಿಗೆ ಮೊದಲು ಸೊಸೆಯನ್ನು ಕಳಿಸು. ಶೇಖರ ಕಾಗದ ಓದಿ ಲೆಕ್ಕ ಹಾಕಿದ. ಇವಳಿಗೆ ಇಲ್ಲೇ ಏನಾದರೂ ಸಂಪಾದನೆ ಆಗದಿದ್ದರೆ ಮತ್ತೆ ಅವನಿಗೆ ಅಟ್ಟ, ಅವಳಿಗೆ ಊರು.

ಹೋಟೆಲಿನಲ್ಲಿ ಊಟಕ್ಕೆ ಬಡಿಸಿ ಉಳಿದ ಬಾಳೆಹಣ್ಣು ಕಪ್ಪಾದರೆ ಕೇಳುವವರಿಲ್ಲ. ಶೇಖರ ಅದನ್ನು ಮನೆಗೆ ತರುತ್ತಿದ್ದ. ರಾಜೀವಿ ಹಣ್ಣು ಕಿವುಚಿ, ಮೈದಾ, ಬೆಲ್ಲ, ಹುಳಿಮೊಸರು, ಚಿಟಿಕೆ ಸೋಡಾ ಸೇರಿಸುತ್ತಿದ್ದಳು. ಏಲಕ್ಕಿ, ಲವಂಗ, ಒಣಶುಂಠಿ ಕುಟ್ಟಿ ಹಾಕುತ್ತಿದ್ದಳು, ಕೊನೆಗೆ ನಾಲ್ಕು ಕಾಳುಮೆಣಸು. ಉದ್ದನೆಯ ಡಬ್ಬಿಗೆ ಬಾಳೆಲೆ ಹಾಸಿ ಹಿಟ್ಟು ಸುರಿದು, ಸಿಗಡಿ ಎಂಬ ಇದ್ದಿಲೊಲೆಯ ಮೇಲಿನ ಮರಳಿನ ಪಾತ್ರೆಯಲ್ಲಿಟ್ಟು, ಮೇಲೆ ಕಬ್ಬಿಣದ ಮುಚ್ಚಳ, ಮುಚ್ಚಳದ ಮೇಲೆ ಕೆಂಡ. ಕೆಳಗೂ ಕೆಂಡ, ಮೇಲೂ ಕೆಂಡ ಇಟ್ಟು ಅಜ್ಜಿ ಹಲಸಿನ ಕಡುಬು ಬೇಯಿಸುತ್ತಿದ್ದ ರೀತಿ ಅದು. ಆಕಾರ ನೋಡಿ ಚಾಳಿನವರು ಬ್ರೆಡ್ಡು ಎಂದರು, ಹೆಸರು ನಿಂತಿತು.

ಒಂದು ತುಂಡು ಹೋಟೆಲಿನ ಧಣಿ ರಮಾನಾಥಣ್ಣನ ಬಾಯಿಗೂ ಹೋಯಿತು. ಎರಡನೆಯ ತುಂಡು ಅವರೇ ಕೇಳಿ ತಿಂದರು. ತಿಂದು ಹುಬ್ಬು ಗಂಟಿಕ್ಕಿದರು.

"ಮೊಟ್ಟೆ ಹಾಕದೆ ಇಷ್ಟು ಮೆತ್ತಗೆ ಹ್ಯಾಗೆ ಆಗ್ತದೆ ಮಾರಾಯಾ? ಮಾಟುಂಗದ ಗಿರಾಕಿಗಳಿಗೆ ಮೊಟ್ಟೆಯ ವಾಸನೆ ಬಡಿದರೂ ಸಾಕು, ನನ್ನ ಬೋರ್ಡು ಇಳಿಸ್ಬೇಕಾದೀತು. ಬರುವ ಭಾನುವಾರ ಮನೆಗೇ ಬರ್ತೇನೆ. ನನ್ನ ಕಣ್ಣೆದುರು ಮಾಡಲಿ. ಸರಿ ಕಂಡರೆ ದಿನಾ ಚಾದ ಕೌಂಟರಿಗೆ ತಗೊಳ್ತೇನೆ."

ಸುದ್ದಿ ಕೇಳಿ ರಾಜೀವಿ, "ಬರಲಿ, ಚಾಪೆ ಹಾಸಿದ್ದೇ ಉಂಟು" ಎಂದಳು.

ಆದರೆ ತಾನೊಂದು ಬಗೆದರೆ ದೈವವೊಂದು ಬಗೆಯಿತು. ಅಕ್ಟೋಬರ್ ಒಂದರ ಸೋಮವಾರ ಮೂರು ರೈಲು ಎಣಿಸಿ ಮುಚ್ಚಳ ತೆಗೆದರೆ ಬ್ರೆಡ್ಡಿನ ನಡುವೆ ಹಸಿ ಹಿಟ್ಟು! ಮಂಗಳವಾರವೂ ಅದೇ. ಬುಧವಾರ ಸೋಡಾ ಬದಲಾಯಿಸಿದಳು, ಗುರುವಾರ ಇದ್ದಿಲಿನವನನ್ನು ಬೈದಳು, ಶುಕ್ರವಾರ ಬಾಗಿಲಿಗೆ ನಿಂಬೆಹಣ್ಣು ಕಟ್ಟಿದಳು. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ಆಯಿತಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಹುಟ್ಟಿದ ಮೇಲೆ ಮೊದಲ ಸಲ ಅವಳಿಗೆ ತನ್ನ ಕೈಯ ಮೇಲೆ ಸಂಶಯ ಬಂದದ್ದು. ಶೇಖರ ಹಸಿ ತುಂಡನ್ನೂ ಬಿಡದೆ ತಿಂದ, ಅದರಿಂದ ಅವಳಿಗೆ ಇನ್ನೂ ನೋವಾಯಿತು.

ಶನಿವಾರ ಪಕ್ಕದ ಕೋಣೆಯ ಬಸವಂತಪ್ಪ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಧಾರವಾಡದವನು, ರೈಲ್ವೆ ಆಫೀಸಿನಲ್ಲಿ ಗುಮಾಸ್ತ. ರೈಲುಗಳನ್ನು ತಾನೇ ಹೆತ್ತವನಂತೆ ಮಾತಾಡುತ್ತಿದ್ದ.

"ಏನ್ರಿ ವೈನಿ, ಈ ವಾರ ಆರಾಮ ಆತಲ್ಲ? ಸೋಮವಾರದಿಂದ ನಮ್ಮ ಲೈನಿಗೆ ಹೊಸಾ ಟೈಮ್‌ಟೇಬಲ್ ಬಂದೇತ್ರಿ. ಮೊದಲ ಕಾಲು ತಾಸಿಗೊಂದು ಗಾಡಿ, ಈಗ ಹತ್ತು ಮಿನಿಟಿಗೊಂದು ಬಿಟ್ಟಾರ!"

ರಾಜೀವಿ ಕೈಯಲ್ಲಿದ್ದ ಕೊಡವನ್ನು ಅಲ್ಲೇ ಇಟ್ಟಳು. ಆಮೇಲೆ ನಕ್ಕಳು, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಬಾಳೆಹಣ್ಣೂ ಸರಿ, ಸೋಡಾವೂ ಸರಿ, ಇದ್ದಿಲಿನವನೂ ಪಾಪದವನೇ. ಗಡಿಯಾರ ಮುಂದೆ ಓಡಿತ್ತು, ಅಷ್ಟೇ. ಇನ್ನು ಮೂರಲ್ಲ, ಐದು ರೈಲು.

ಭಾನುವಾರ ಮಧ್ಯಾಹ್ನ ರಮಾನಾಥಣ್ಣ ಬಂದರು. ಇದ್ದ ಒಂದೇ ಕುರ್ಚಿಯಲ್ಲಿ ಕೂತು ಪ್ರತಿ ಡಬ್ಬಿಯನ್ನೂ ಮೂಸಿ ನೋಡಿದರು. ಹಿಟ್ಟು ಕಲಸುವುದನ್ನು ಕಣ್ಣು ಮಿಟುಕಿಸದೆ ನೋಡಿದರು. ಡಬ್ಬಿ ಒಳಗೆ ಹೋಯಿತು, ಕೆಂಡ ಮೇಲೇರಿತು. ಅವರು ಅಂಗಿಯ ಕಿಸೆಯಿಂದ ಸರಪಳಿಯ ಗಡಿಯಾರ ತೆಗೆದು ನೋಡಿದರು. ಅದನ್ನೇ ಕೇಳು ಎಂದು ಶೇಖರ ಕಣ್ಣಲ್ಲೇ ಸನ್ನೆ ಮಾಡಿದ. ರಾಜೀವಿ ಕೇಳಲಿಲ್ಲ. ತನ್ನ ಅಡುಗೆಗೆ ಇನ್ನೊಬ್ಬರ ಕಿಸೆಯ ಗಡಿಯಾರ ಯಾಕೆ?

ತಟ್ಟೆಗಳು ಗಡಗಡ ಎಂದವು. ಒಂದು. ಬಹಳ ಹೊತ್ತಾದ ಮೇಲೆ ಎರಡು. ಆಮೇಲೆ ಸದ್ದೇ ಇಲ್ಲ.

ಕೋಣೆಯಲ್ಲಿ ಮೊದಲು ಬಾಳೆಹಣ್ಣಿನ ಹಸಿ ವಾಸನೆ ಇತ್ತು, ಅದು ಹೋಗಿ ಏಲಕ್ಕಿ ಬಂತು, ಲವಂಗ ಬಂತು. ಈಗ ಮೆಲ್ಲಗೆ ಬೆಲ್ಲದ ಅಂಚು ಕಂದುವ ವಾಸನೆ ಏಳುತ್ತಿತ್ತು. ಇನ್ನೂ ಮೂರು ರೈಲು ಬಾಕಿ. ಮುಚ್ಚಳ ತೆಗೆದರೆ, ವಾರವೆಲ್ಲ ಆದಂತೆ ಹಸಿ ಇದ್ದರೆ? ತೆಗೆಯದಿದ್ದರೆ, ಕರಕಲಾದರೆ? ಅವಳ ಕೈ ಇಕ್ಕಳದ ಮೇಲೇ ನಿಂತಿತು.

ಆಗ ಗೋಡೆಯಾಚೆಯಿಂದ ಬಸವಂತಪ್ಪನ ಗೊರಕೆ ಕೇಳಿತು. ಹಾಡುಹಗಲು ಗೊರಕೆ! ಆಫೀಸಿಗೆ ಹೋಗಿಲ್ಲವೇ ಎಂದುಕೊಂಡವಳಿಗೆ ತಟ್ಟನೆ ಹೊಳೆಯಿತು. ಇವತ್ತು ಭಾನುವಾರ. ಗುಮಾಸ್ತನಿಗೆ ರಜೆ ಇದ್ದ ದಿನ ಗಾಡಿಗಳಿಗೂ ಅರ್ಧ ರಜೆ. ಭಾನುವಾರ ಶೇಖರನಿಗೂ ಮಧ್ಯಾಹ್ನ ಬಿಡುವು, ಇಬ್ಬರೂ ದಾದರ್ ಸಮುದ್ರದ ಕಡೆ ಹೋಗುವ ದಿನ, ಆ ಹೊತ್ತಿನಲ್ಲಿ ಅವಳು ಎಂದೂ ಒಲೆ ಹಚ್ಚಿದ್ದೇ ಇಲ್ಲ. ಗೊತ್ತಾಗುವುದು ಹೇಗೆ?

ಅಜ್ಜಿಯ ಊರಲ್ಲಿ ರೈಲು ಎಲ್ಲಿತ್ತು? ಅಜ್ಜಿಗೆ ಇದ್ದದ್ದು ಮೂಗು ಒಂದೇ. ರಾಜೀವಿ ಕೆಂಡ ಸಮೇತ ಮುಚ್ಚಳವನ್ನು ಎತ್ತಿ ಕೆಳಗಿಟ್ಟಳು.

ಬ್ರೆಡ್ಡು ಡಬ್ಬಿಯ ಬಾಯಿ ಮೀರಿ ಉಬ್ಬಿತ್ತು, ತೇಗದ ಬಣ್ಣ ಬಂದಿತ್ತು. ತೆಂಗಿನ ಕಡ್ಡಿ ಚುಚ್ಚಿ ತೆಗೆದಳು. ಕಡ್ಡಿ ಒಣಗಿತ್ತು.

ರಮಾನಾಥಣ್ಣ ಬಿಸಿ ತುಂಡನ್ನು ಊದಿ ಊದಿ ತಿಂದರು. ಇನ್ನೊಂದು ತಿಂದರು. ಮೂರನೆಯದಕ್ಕೆ ಕೈ ಚಾಚಿ, "ಗಡಿಯಾರ ಇಲ್ಲ ಎಂತ ಇಲ್ಲ, ಬೆಂದದ್ದು ನಿಮಗೆ ಹ್ಯಾಗೆ ಗೊತ್ತಾಯ್ತು?" ಎಂದರು.

"ಮೂಗು ಉಂಟಲ್ಲ ಅಣ್ಣಾ," ಎಂದಳು ರಾಜೀವಿ, ಇಷ್ಟು ಹೊತ್ತು ರೈಲು ಎಣಿಸಿದವಳು ತಾನಲ್ಲ ಎನ್ನುವ ಹಾಗೆ.

"ದಿನಕ್ಕೆ ಎಷ್ಟಾಗ್ತದೆ?"

"ಇನ್ನೊಂದು ಸಿಗಡಿ ಕೊಡಿಸಿದ್ರೆ ಎಂಟು."

"ನಾಳೆ ಕಳಿಸ್ತೇನೆ" ಎಂದು ಅವರು ಎದ್ದರು. ಅವರು ಮೆಟ್ಟಿಲು ಇಳಿಯುವಾಗ ಮೂರನೆಯ ಲೋಕಲ್ ಬಂತು, ತಟ್ಟೆಗಳು ಕುಣಿದವು. ಅಭ್ಯಾಸದಿಂದ ಶೇಖರನೇ ಬೆರಳು ಮಡಚಿ ಎಣಿಸಿದ. ರಾಜೀವಿ ತಲೆ ಎತ್ತಲಿಲ್ಲ, ಅವನಿಗೆಂದು ಅಂಚಿನ ಗರಿಗರಿ ತುಂಡು ಕೊಯ್ಯುತ್ತಿದ್ದಳು.

"ಅಮ್ಮನಿಗೆ ಎಂತ ಬರೆಯುವುದು?" ಎಂದ ಶೇಖರ.

ತುಂಡನ್ನು ಅವನ ಕೈಯಲ್ಲಿಟ್ಟು ರಾಜೀವಿ ಹೇಳಿದಳು: "ಹಲ್ಲುನೋವು ಇನ್ನೂ ಗುಣ ಆಗ್ಲಿಲ್ಲ ಅಂತ ಬರೀರಿ."