ಗೆರೆ ಎಳೆದವನೇ ತೊಡಬೇಕು

ಹೋದ ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಾನು ಒಂದು ಬನಿಯನ್ನಿನೊಳಗೆ ಸಿಕ್ಕಿಹಾಕಿಕೊಂಡಿದ್ದೆ. ಕೈಗಳೆರಡೂ ಮೇಲೆ, ತಲೆ ಒಳಗೆ, ಹೊಟ್ಟೆ ಹೊರಗೆ. ತಿರುಪ್ಪೂರಿನ ಕಂಪನಿಯೊಂದರ ಕಟಿಂಗ್ ಹಾಲಿನ ನಟ್ಟನಡುವೆ. ಬನಿಯನ್ ಊರಿನಲ್ಲಿ ಬನಿಯನ್ ತೊಡಲಾಗದೆ ನಿಂತ ಮೊದಲ ಎಂ.ಎಸ್ಸಿ. ವಿದ್ಯಾರ್ಥಿ ನಾನೇ ಇರಬೇಕು.

(ಇದನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ. ಪಲ್ಲಡಂನಲ್ಲಿರುವ ನಮ್ಮಮ್ಮನಿಗೆ ಕನ್ನಡದಲ್ಲಿ ಬಯ್ಯಲು ಬರುತ್ತದೆ, ಓದಲು ಬಾರದು.)

ನಾನು ಕೊಯಮತ್ತೂರಿನಲ್ಲಿ ಗಣಿತ ಓದುವವನು. ನಮ್ಮ ಕೊನೆಯ ಸೆಮಿಸ್ಟರನ್ನು ಕ್ಲಾಸಿನಲ್ಲಲ್ಲ, ಯಾವುದಾದರೂ ಕಂಪನಿಯಲ್ಲಿ ಕಳೆಯಬೇಕು. ಅಲ್ಲಿನವರು ಪಾಸು ಅಂದರೆ ಪಾಸು. ಇಲ್ಲವೆಂದರೆ ಇನ್ನೊಂದು ವರ್ಷ ಅದೇ ಬೆಂಚು. ಕಾಮರ್ಸಿನವರನ್ನು ಕರೆಯಲು ಕಂಪನಿಗಳು ಸಾಲು ನಿಲ್ಲುತ್ತವೆ. ನಮ್ಮನ್ನು?

ನಮ್ಮ ಪ್ಲೇಸ್‌ಮೆಂಟ್ ಮೇಡಂ ಮೊದಲ ದಿನವೇ ಹೇಳಿದ್ದರು, ಗಣಿತದವರಿಗೆ ಎಲ್ಲಾ ಕಡೆ ಕೆಲಸ ಇದೆ ಎಂದು. (ಎಲ್ಲಾ ಕಡೆ ಅಂದರೆ ಯಾವ ಕಡೆ ಅಂತ ಅವರಿಗೂ ಗೊತ್ತಿಲ್ಲ ಎಂದರ್ಥ. ಕನ್ನಡಕ ಮೇಲೆ ತಳ್ಳಿಕೊಂಡು ಅವರು ಅದನ್ನು ಹೇಳುವ ಶೈಲಿಯನ್ನು ಹಾಸ್ಟೆಲಿನಲ್ಲಿ ಮಾಡಿ ತೋರಿಸಿ ನಾನು ಮೂರು ಟೀ ಗಳಿಸಿದ್ದೇನೆ.) ಆದರೆ ನಮಗಾಗಿ ಊರೂರು ಅಲೆದವರೂ ಅವರೇ. ಕುರಿಚಿಯ ಫೌಂಡ್ರಿಗಳ ಬಾಗಿಲು ತಟ್ಟಿದರು, ಸೂಲೂರಿನ ಮಿಲ್ಲುಗಳಲ್ಲಿ ಕಾದು ಕೂತರು. ಸಹಪಾಠಿಗಳೆಲ್ಲ ಟ್ಯೂಷನ್ ಸೆಂಟರುಗಳಿಗೆ ಹಂಚಿಹೋದ ಮೇಲೆ, ಈ ಬನಿಯನ್ ಕಂಪನಿ ಮಾತ್ರ ಒಬ್ಬನನ್ನು ಕಳಿಸಿ ನೋಡೋಣ ಎಂದಿತು. ಆ ಒಬ್ಬ ಕೆಟ್ಟರೆ ಮುಂದಿನ ವರ್ಷದವರಿಗೂ ಬಾಗಿಲು ಬಂದ್.

ಅಲ್ಲಿ ನನ್ನ ಮಾರ್ಕ್ಸು ಕಟಿಂಗ್ ಮಾಸ್ಟರ್ ರಂಗಸಾಮಿಯವರ ಕೈಯಲ್ಲಿ. ಬಟ್ಟೆಯನ್ನು ಪದರ ಪದರವಾಗಿ ಮೇಜಿನ ಮೇಲೆ ಹಾಸಿ, ಮೇಲೆ ಬನಿಯನ್ನಿನ ತುಂಡುಗಳ ಗೆರೆ ಎಳೆದು, ಎಲ್ಲವನ್ನೂ ಒಂದೇ ಸಲಕ್ಕೆ ಕತ್ತರಿಸುವುದು ಅವರ ಕೆಲಸ. ಗೆರೆಗಳ ನಡುವೆ ಉಳಿದದ್ದೆಲ್ಲ ವೇಸ್ಟು. ಮಾಸ್ಟರ್ ಒಂದು ಕಣ್ಣು ಮುಚ್ಚಿ, ಏನೋ ಗೊಣಗಿ, ಕಣ್ಣಳತೆಯಲ್ಲೇ ಗೆರೆ ಎಳೆಯುತ್ತಾರೆ. ಎರಡನೇ ವಾರಕ್ಕೇ ನಾನೂ ಕಲಿತೆ. ಗೆರೆ ಎಳೆಯುವುದನ್ನಲ್ಲ, ಕಣ್ಣು ಮುಚ್ಚಿ ಗೊಣಗುವುದನ್ನು. ಊಟದ ಹೊತ್ತಿನಲ್ಲಿ ಟೈಲರುಗಳ ಮುಂದೆ ತಮಿಳಿನಲ್ಲಿ ಅವರ ದನಿ ತೆಗೆಯುತ್ತಿದ್ದಾಗ ಬೆನ್ನ ಹಿಂದಿನಿಂದ ಕನ್ನಡ ಕೇಳಿಸಿತು.

"ನನ್ ದನಿ ಚೆನ್ನಾಗ್ ಬಂದೈತೆ ತಂಬಿ. ನನ್ ಕೆಲ್ಸ ಯಾವಾಗ ಬರ್ತದೆ?"

ಅವರ ಮನೆಮಾತೂ ಕನ್ನಡ! ನಮ್ಮ ಕಡೆ ಇದೇ ಅಪಾಯ. ಯಾವ ತಮಿಳಿನ ಹಿಂದೆ ಯಾರ ಮನೆಯ ಕನ್ನಡ ಕೂತಿರುತ್ತದೋ ಹೇಳಲಾಗದು.

ರೋಷ ಬಂತು. ಲ್ಯಾಪ್‌ಟಾಪ್ ತೆರೆದೆ. ಹತ್ತು ದಿನ ಕೂತು ಪ್ರೋಗ್ರಾಂ ಬರೆದೆ. ತುಂಡುಗಳನ್ನು ಅತ್ತ ತಿರುಗಿಸಿ, ಇತ್ತ ಮಲಗಿಸಿ, ಚಿಂದಿಗೂ ಜಾಗವಿಲ್ಲದಂತೆ ಜೋಡಿಸಿದೆ. ಮೇಡಂ ನನ್ನ ಕೆಲಸ ನೋಡಲು ಬರುವ ದಿನವೇ ಇಡೀ ಆರ್ಡರನ್ನು ಹೀಗೆ ಕತ್ತರಿಸಿಬಿಡೋಣ ಎಂದು ಮಾಸ್ಟರನ್ನು ಗೋಗರೆದೆ. ಅವರು ನನ್ನ ಗೆರೆಗಳನ್ನು ಬಹಳ ಹೊತ್ತು ನೋಡಿದರು. ಎರಡೂ ಕಣ್ಣು ಬಿಟ್ಟು.

"ಮೊದ್ಲು ಒಂದೇ ಒಂದ್ ಕತ್ರಿಸ್ತೀನಿ. ಗೆರೆ ಎಳ್ದೋನೇ ತೊಡ್ಬೇಕು. ಇಲ್ಲಿ ಅದೇ ಪಳಕ್ಕ."

ಪಳಕ್ಕ ಅಂದರೆ ವಾಡಿಕೆ. ಮಂಗಳವಾರ ಬೆಳಿಗ್ಗೆ ಹೊಲಿದು ಕೈಗೆ ಕೊಟ್ಟರು. ತೊಟ್ಟೆ. ಮುಂದಿನದು ನಿಮಗೆ ಗೊತ್ತು.

ಗಣಿತದಲ್ಲಿ ಆಕಾರವನ್ನು ತೊಂಬತ್ತು ಡಿಗ್ರಿ ತಿರುಗಿಸಿದರೂ ಅದು ಅದೇ ಆಕಾರ. ಬನಿಯನ್ನಿನ ರಿಬ್ ಬಟ್ಟೆಗೆ ಆ ಪಾಠ ಆಗಿಲ್ಲ. ಅದು ಅಡ್ಡಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದಿಲ್ಲ. ನಾನು ಅಡ್ಡವನ್ನೇ ಉದ್ದ ಮಾಡಿದ್ದೆ. ನಮ್ಮ ಮನೆಯಲ್ಲಿರುವುದು ಪವರ್‌ಲೂಮ್. ಅಲ್ಲಿ ನೇಯ್ದ ಬಟ್ಟೆ ಯಾವ ಕಡೆಗೂ ಹಿಗ್ಗದು. ಹಾಗಾಗಿ ಹಿಗ್ಗುವ ವಿಷಯ ನೇಕಾರನ ಮಗನ ತಲೆಗೆ ಹೊಳೆಯಲೇ ಇಲ್ಲ.

ಒಳಗಿನಿಂದ ನನಗೆ ಕಂಡದ್ದು ಬಿಳಿ ಬೆಳಕು, ಕೇಳಿಸಿದ್ದು ಮೇಡಂ ದನಿ. ನಮ್ಮ ಹುಡುಗ ಎಲ್ಲಿ ಎಂದು ಕೇಳುತ್ತಿದ್ದರು. ಯಾರೋ ನನ್ನ ಹೊಟ್ಟೆ ತೋರಿಸಿರಬೇಕು. ಹೋಯಿತು ಸೆಮಿಸ್ಟರು ಅಂದುಕೊಂಡೆ.

ಕತ್ತರಿಯ ತಣ್ಣನೆ ತುದಿ ಬೆನ್ನಿಗೆ ತಗುಲಿತು. ಮಾಸ್ಟರ್ ಬನಿಯನ್ ಸೀಳಿ ನನ್ನನ್ನು ಹೊರಗೆ ತೆಗೆದರು. ಆಮೇಲೆ ಮೇಡಂ ಕಡೆ ತಿರುಗಿ ತಮಿಳಿನಲ್ಲಿ ಶಾಂತವಾಗಿ ಹೇಳಿದರು.

"ಒಂದರಲ್ಲೇ ತಪ್ಪು ಮಾಡಿದಾನೆ ಮೇಡಂ. ನಾನು ಕಲಿಯುವಾಗ ಇಡೀ ಲಾಟೇ ಕೆಡಿಸಿದ್ದೆ. ತೊಟ್ಟು ನೋಡು ಅಂದೆ, ತೊಟ್ಟ. ಇವನಿಗೂ ಮುಂಚೆ ಬೇರೆ ಕಾಲೇಜಿನಿಂದ ಬಂದವನು ತೊಡೋದಿಲ್ಲ ಅಂತ ಓಡಿಹೋದ. ಇವನಿಗೆ ಪಾಸ್ ಹಾಕಿಕೊಳ್ಳಿ."

ಉಸಿರು ಬಂತು. ನಿಜ ಹೇಳುತ್ತೇನೆ, ಬನಿಯನ್ ಹರಿದಾಗ ಬಾರದ ಉಸಿರು ಆಗ ಬಂತು.

ಮಧ್ಯಾಹ್ನ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ: ಯಾವ ತುಂಡನ್ನೂ ಅಡ್ಡ ಮಲಗಿಸಕೂಡದು. ಆಗಲೂ ವೇಸ್ಟು ಸ್ವಲ್ಪ ಕಡಿಮೆಯೇ ಆಯಿತು. ಸಂಜೆ ಇನ್ನೊಂದು ಬನಿಯನ್ ತೊಟ್ಟೆ. ಸಲೀಸಾಗಿ ಇಳಿಯಿತು. ಮುಂದಿನ ವರ್ಷ ಇಬ್ಬರನ್ನು ಕಳಿಸಿ ಎಂದು ಮಾಸ್ಟರ್ ಮೇಡಂಗೆ ಫೋನ್ ಮಾಡಿಸಿದರಂತೆ.

ಐದು ವರ್ಷ ನಾನು ಬರೆದ ಉತ್ತರಗಳಿಗೆಲ್ಲ ಕೆಂಪು ಟಿಕ್ ಬಿದ್ದಿದೆ. ಒಂದನ್ನೂ ಯಾರೂ ಮೈಮೇಲೆ ಹಾಕಿಕೊಂಡು ನೋಡಲಿಲ್ಲ, ನಾನೂ ನೋಡಲಿಲ್ಲ.

ಅಂದಹಾಗೆ, ನಮ್ಮ ಸಿಲಬಸ್ಸಿನ ಗೆರೆ ಎಳೆದವರು ಅದನ್ನೊಮ್ಮೆ ತೊಟ್ಟು ನೋಡಿದ್ದಾರೆಯೇ?