ನೀರು ಕಾಯಿಸುವವನು

ನಿಕ್ ತ್ಸಕಾಲೋಸ್ ಫೆಬ್ರವರಿಯ ಒಂದು ಸಂಜೆ ಇಸ್ಪೀಟಿನ ಮೇಜಿನ ಮುಂದೆ ಕೂತಲ್ಲೇ ಕಣ್ಣು ಮುಚ್ಚಿದ. ತೊಂಬತ್ತು ದಾಟಿದ ಮುದುಕ. ಹೊಟ್ಟೆ ತುಂಬ ಉಂಡು, ಎದುರಿಗೆ ಕೂತವನನ್ನು ಮನಸಾರೆ ಬೈದು, ಗೆಲ್ಲುವ ಎಲೆಗಳನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಟುಹೋದ. ಇಂಥದ್ದನ್ನು ಟಾಲ್ಕಟ್‌ನಲ್ಲಿ ಯಾರೂ ದುಃಖದ ಸಾವು ಅನ್ನುವುದಿಲ್ಲ. ಮಣ್ಣು ಮಾಡಿ ಬಂದು, ಬಾಸ್ಕ್ ಜನರ ಹೋಟೆಲಿನಲ್ಲಿ ಕುರಿಮಾಂಸದ ಸಾರು, ಕೆಂಪು ವೈನು ಮುಗಿಸುವ ಹೊತ್ತಿಗೆ ಊರೆಲ್ಲ ನಿಕ್‌ನ ಜಗಳಗಳನ್ನು ನೆನೆದು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

ನಗದೆ ಕೂತವನು ವಾಸೋ ಬುಕ್ವಿಚ್ ಒಬ್ಬನೇ. ಪಾಪ, ಗೆಳೆಯ ಹೋದ ಸಂಕಟ ಎಂದು ಜನ ಬೆನ್ನು ಸವರಿದರು. ಸಂಕಟವೇನೋ ನಿಜ, ಆದರೆ ಅದು ಹೋದವನಿಗಾಗಿ ಅಷ್ಟಾಗಿ ಅಲ್ಲ. ನಿಕ್ ಹೋದ ಮೇಲೆ ತಾಮ್ರದ ಕುಲುಮೆಯಲ್ಲಿ ದುಡಿದು ಊರಿನಲ್ಲಿ ಉಳಿದವರಲ್ಲಿ ಹಿರಿಯ ತಾನೇ ಎಂಬುದು ಗೋರಿಯ ಮುಂದೆ ಟೋಪಿ ತೆಗೆಯುವಾಗ ಅವನಿಗೆ ಹೊಳೆದಿತ್ತು. ಬರುವ ಜೂನ್‌ನಲ್ಲಿ ನೀರು ಕಾಯಿಸಬೇಕಾದವನು ಅವನು.

ನೀರು ಕಾಯಿಸುವುದೆಂದರೆ ಒಲೆ ಹೊತ್ತಿಸುವುದಲ್ಲ. ಟಾಲ್ಕಟ್‌ನ ಈಜುಕೊಳಕ್ಕೆ ಬೆಟ್ಟದ ಬುಡದ ಊಟೆಯ ನೀರು ಬರುತ್ತದೆ. ತಾಮ್ರದ ಕಾರ್ಖಾನೆ ನಡೆಯುತ್ತಿದ್ದಾಗ ಕಂಪನಿಯವರು ಕಟ್ಟಿಸಿದ ಕೊಳ ಅದು. ಕಾರ್ಖಾನೆ ಮುಚ್ಚಿ, ಚಿಮಣಿ ಕೆಡವಿ, ಯಂತ್ರಗಳನ್ನು ಗುಜರಿಗೆ ಹಾಕಿ ದಶಕಗಳೇ ಕಳೆದರೂ ಕೊಳ ಮಾತ್ರ ಹಾಗೆಯೇ ಇದೆ. ಈ ಎತ್ತರದ ಮರುಭೂಮಿಯಲ್ಲಿ ಮಧ್ಯಾಹ್ನ ನೆತ್ತಿ ಸುಡುತ್ತದೆ, ನೀರು ಮಾತ್ರ ಜೂನ್‌ನಲ್ಲೂ ಹಲ್ಲು ಕಟಕಟ ಅನ್ನಿಸುತ್ತದೆ. ಕುಲುಮೆಯ ಮುಂದೆ ದುಡಿದವರ ಮೂಳೆಯೊಳಗೆ ತಾಮ್ರದ ಕಾವು ಸಾಯುವ ತನಕ ಉಳಿದಿರುತ್ತದಂತೆ. ಅದಕ್ಕೇ ಕೊಳ ತೆರೆಯುವ ಶನಿವಾರ ಊರಿನ ಹಿರಿಯ ಕುಲುಮೆಯವನು ನೀರಿನ ಮೇಲೆ ಚಾಚಿದ ಹಲಗೆಯಿಂದ ಮೊದಲು ಹಾರಬೇಕು. ಅವನ ಮೈಕಾವಿಗೆ ನೀರು ಕಾದು, ಮಕ್ಕಳಿಗೆ ಬೇಸಿಗೆಯೆಲ್ಲ ಹಿತವಾಗಿರುತ್ತದೆ. ಇದನ್ನು ಯಾರೂ ನಂಬುವುದಿಲ್ಲ, ಯಾರೂ ತಪ್ಪಿಸುವುದೂ ಇಲ್ಲ.

ವಾಸೋನ ಕಷ್ಟ ಒಂದೇ. ಅವನಿಗೆ ಈಜು ಬರುತ್ತಿರಲಿಲ್ಲ.

ಬರುವುದಾದರೂ ಹೇಗೆ? ಅವನು ಹುಟ್ಟಿದ್ದು ಹರ್ಜೆಗೋವಿನಾದ ಕಲ್ಲುಗುಡ್ಡಗಳಲ್ಲಿ. ಅಲ್ಲಿ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದಿಟ್ಟು, ತೊಟ್ಟಿಗೆ ಬೀಗ ಹಾಕುತ್ತಿದ್ದರು. ಚಿಕ್ಕಪ್ಪನ ಹಿಂದೆ ಹಡಗು ಹತ್ತಿ, ಮೀಸೆ ಚಿಗುರುವ ವಯಸ್ಸಿಗೆ ಟಾಲ್ಕಟ್‌ಗೆ ಬಂದು ಕುಲುಮೆಯ ಕೆಲಸಕ್ಕೆ ಸೇರಿದ. ಅಲ್ಲಿ ಮೊದಲ ದಿನ ಕಲಿಸಿದ ಪಾಠವೇ ನೀರನ್ನು ಹತ್ತಿರ ಬಿಡಬೇಡ ಎಂದು. ಕಾದ ಎಣ್ಣೆಗೆ ನೀರು ಬಿದ್ದರೆ ಏನಾಗುತ್ತದೆಂದು ಅಡುಗೆ ಮಾಡಿದವರಿಗೆಲ್ಲ ಗೊತ್ತು. ಕರಗಿದ ತಾಮ್ರಕ್ಕೆ ಬಿದ್ದರೆ ಚಾವಣಿಯೇ ಹಾರಿಹೋಗುತ್ತದೆ. ಒಮ್ಮೆ ಯಾವನೋ ಒದ್ದೆ ಸಲಿಕೆಯನ್ನು ಹಾಗೆಯೇ ಅದ್ದಿದ. ಢಂ ಎಂದ ಸದ್ದು ಪಕ್ಕದ ಕಣಿವೆಗೂ ಕೇಳಿತು. ದೇವರ ದಯೆ, ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಮೇಸ್ತ್ರಿಯ ಹುಬ್ಬು ಮಾತ್ರ ಸುಟ್ಟುಹೋಗಿ, ತಿಂಗಳುಗಟ್ಟಲೆ ಅವನು ಏನು ಹೇಳಿದರೂ ಆಶ್ಚರ್ಯಪಟ್ಟು ಹೇಳುತ್ತಿರುವ ಹಾಗೆ ಕಾಣುತ್ತಿತ್ತು. ಅಂದಿನಿಂದ ವಾಸೋ ಕೈಗವಸನ್ನು ಎರಡೆರಡು ಸಲ ಒಣಗಿಸುತ್ತಿದ್ದ. ಕಾರ್ಖಾನೆ ಮುಚ್ಚಿದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಮೈತೆ ಒದ್ದೆ ಬಾಣಲೆಯನ್ನು ಒಲೆಯ ಮೇಲಿಟ್ಟರೆ ಅವನು ಈಗಲೂ ಎದ್ದು ಅಂಗಳಕ್ಕೆ ಹೋಗುತ್ತಾನೆ.

ಮೈತೆ ಎಂದರೆ ಅವನ ಹೆಂಡತಿ, ಬಾಸ್ಕ್ ಹೋಟೆಲಿನವರ ಮಗಳು. ಅವಳು ನಡೆಯುವುದಕ್ಕೆ ಮೊದಲೇ ಈಜು ಕಲಿತವಳೆಂದು ಊರು ಹೇಳುತ್ತದೆ. ಟಾಲ್ಕಟ್‌ನ ಮೂರು ತಲೆಮಾರಿಗೆ ಕೊಳದಲ್ಲಿ ಕೈಕಾಲು ಬಡಿಯಲು ಕಲಿಸಿದವಳು ಅವಳೇ. ಮದುವೆಗೆ ಮುಂಚೆ ವಾಸೋ ಅವಳ ಮುಂದೆ ಜಂಬದಿಂದ, ನಮ್ಮೂರ ನದಿಯಲ್ಲಿ ಮೀನಿನ ಹಾಗೆ ಈಜುತ್ತಿದ್ದೆ, ಈಗ ಕಿವಿ ಸೋರುತ್ತದೆ, ಡಾಕ್ಟರು ನೀರಿಗಿಳಿಯಬೇಡ ಅಂದಿದ್ದಾರೆ ಎಂದುಬಿಟ್ಟಿದ್ದ. ಪ್ರೀತಿಯಲ್ಲಿ ಬಿದ್ದ ಹುಡುಗ ಹೇಳುವ ಸುಳ್ಳು ಮದುವೆಯಾದ ಮೇಲೆ ಅವನನ್ನೇ ಹಿಡಿದುಕೊಳ್ಳುತ್ತದೆ. ಆ ಕಿವಿ ಅಂದಿನಿಂದ ವಾಸಿಯಾಗಲೇ ಇಲ್ಲ. ಕೊಳ ತೆರೆಯುವ ಶನಿವಾರ ಬಂತೆಂದರೆ ಊರವರ ಟವೆಲ್ಲುಗಳನ್ನೆಲ್ಲ ಎರಡೂ ತೋಳಿನ ಮೇಲೆ ಹೇರಿಕೊಂಡು ದಡದಲ್ಲಿ ನಿಲ್ಲುವ ಕೆಲಸವನ್ನು ವಾಸೋ ತಾನಾಗಿ ವಹಿಸಿಕೊಂಡಿದ್ದ. ಹಿರಿಯ ಹಾರುತ್ತಿದ್ದ ಹಾಗೆ ಇಡೀ ಊರು ಅವನ ಹಿಂದೆಯೇ ದಬದಬ ನೀರಿಗೆ ಬೀಳುತ್ತಿತ್ತು. ದಡದಲ್ಲಿ ಒಣಗಿ ನಿಂತಿರುತ್ತಿದ್ದವನು ವಾಸೋ ಒಬ್ಬನೇ. ಟವೆಲ್ ಹಿಡಿದವನಿಗೆ ಈಜು ಬರುತ್ತದೆಯೇ ಎಂದು ಯಾರು ಕೇಳುತ್ತಾರೆ?

ಬೇಡ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆಗ ಸರದಿ ಡೆಲ್ಬರ್ಟ್ ಸೊರೆನ್ಸನ್‌ನದು. ಡೆಲ್ಬರ್ಟ್ ಅದೇ ಕುಲುಮೆಯಲ್ಲಿ ವಾಸೋನ ಪಕ್ಕ ನಿಂತು ಕರಗಿದ ತಾಮ್ರದ ಮೇಲಿನ ಕಿಟ್ಟ ತೆಗೆಯುತ್ತಿದ್ದವನು, ವಯಸ್ಸಿನಲ್ಲಿ ಅವನಿಗಿಂತ ಕೆಲವೇ ವಾರ ಚಿಕ್ಕವನು. ಮಾರ್ಮನ್ ಪಂಥದವನಾದ್ದರಿಂದ ವೈನು ಮುಟ್ಟುವುದಿಲ್ಲ, ಕಾಫಿಯನ್ನೂ ಮುಟ್ಟುವುದಿಲ್ಲ. ಆ ಚಟಗಳಿಗೆ ಮೀಸಲಾಗಬೇಕಿದ್ದ ಹುರುಪನ್ನೆಲ್ಲ ವಾಸೋನನ್ನು ಕೆಣಕುವುದಕ್ಕೆ ಸುರಿದಿದ್ದ. ಯಾರ ತೋಟದ ಟೊಮೆಟೊ ಮೊದಲು ಹಣ್ಣಾಯಿತು ಎಂಬುದಕ್ಕೇ ಇಡೀ ಚಳಿಗಾಲ ಆಡಿಕೊಳ್ಳುವವನು, ಇದನ್ನು ಬಿಡುತ್ತಾನೆಯೇ? ಅವನಿಗೆ ಸರದಿ ಬಿಟ್ಟುಕೊಡುವುದಕ್ಕಿಂತ ಮುಳುಗುವುದೇ ವಾಸಿ ಎಂದು ವಾಸೋಗೆ ಅನ್ನಿಸಿತು.

ಹಿಮ ಕರಗುವ ತನಕ ಅವನು ಗುಟ್ಟನ್ನು ಹೊಟ್ಟೆಯಲ್ಲೇ ಇಟ್ಟುಕೊಂಡ. ಏಪ್ರಿಲ್‌ನಲ್ಲಿ ತಡೆಯಲಾರದೆ ಅಡುಗೆಮನೆಯಲ್ಲಿ ಮೈತೆಯ ಮುಂದೆ ಎಲ್ಲ ಕಕ್ಕಿದ. ನದಿ ಸುಳ್ಳು, ಮೀನು ಸುಳ್ಳು, ಕಿವಿ ಸುಳ್ಳು. ಐವತ್ತು ವರ್ಷದ ದಾಂಪತ್ಯ ಇದೇ ಮೇಜಿನ ಮುಂದೆ ಮುರಿದುಬೀಳುತ್ತದೆಯೋ ಎಂದು ಹೆದರಿ ಅವಳ ಮುಖ ನೋಡಿದ. ಅವಳು ಎಲೆಕೋಸು ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟು, ಒಳಗೆ ಹೋಗಿ ಅವನ ಹಳೆಯ ಚಡ್ಡಿಯೊಂದನ್ನು ತಂದು ಮಡಿಲಿಗೆ ಎಸೆದಳು.

"ನಾಳೆ ಬೆಳಿಗ್ಗೆ ಬೆನ್ಯಾತ್‌ನ ದೊಡ್ಡಿಗೆ ಹೋಗೋಣ. ಯಾರಿಗೂ ಹೇಳ್ಬೇಡ."

ಬೆನ್ಯಾತ್ ಅವಳ ತಮ್ಮ, ಬೆಟ್ಟದ ಆಚೆ ಕುರಿ ಸಾಕಿಕೊಂಡಿದ್ದಾನೆ. ಅಲ್ಲಿ ಕುರಿಗಳು ನೀರು ಕುಡಿಯುವ ದುಂಡನೆಯ ಕಬ್ಬಿಣದ ತೊಟ್ಟಿಯೊಂದಿದೆ, ಎದೆಮಟ್ಟ ಆಳ. ಟಾಲ್ಕಟ್‌ನ ಹಿರಿಯ ಕುಲುಮೆಯವನು ಅದರೊಳಗೆ ಇಳಿದು, ಕುರಿಗಳು ಸಾಲಾಗಿ ನಿಂತು ನೋಡುತ್ತಿರುವಾಗ, ಮೂಗು ಹಿಡಿದುಕೊಂಡು ಮುಖ ಮುಳುಗಿಸುವುದನ್ನು ಕಲಿಯತೊಡಗಿದ. ಮೈತೆ ಉಣ್ಣೆ ಟೋಪಿ ಹಾಕಿಕೊಂಡು ತಾನೂ ನೀರಿಗಿಳಿದು ಪಕ್ಕದಲ್ಲಿ ನಿಂತು ಗದರುತ್ತಿದ್ದಳು. ಮೊದಲ ದಿನ ನೀರು ಮುಖಕ್ಕೆ ತಾಕಿದ್ದೇ ತಡ, ಅವನು ಹೊರಗೆ ಹಾರಿ ಗಡಗಡ ನಡುಗುತ್ತ ನಿಂತ. ಎಲ್ಲಿಯೂ ಢಂ ಎನ್ನಲಿಲ್ಲ. ವಾರ ಕಳೆಯುವುದರೊಳಗೆ ಉಸಿರು ಕಟ್ಟಿ ಗುಳ್ಳೆ ಬಿಡುವುದು ಬಂತು. ಗುಳ್ಳೆ ಬಿಡುವಾಗ ಅವನಿಗೇ ನಗು ಬಂದು ನೀರು ಕುಡಿದ. ಎಷ್ಟೋ ವರ್ಷಗಳ ಮೇಲೆ ಗಂಡಹೆಂಡತಿ ಇಬ್ಬರೂ ಹಾಗೆ ಬಿದ್ದು ಬಿದ್ದು ನಕ್ಕದ್ದು ಅಲ್ಲಿಯೇ, ಕುರಿಯ ತೊಟ್ಟಿಯಲ್ಲಿ.

ಆದರೆ ತೇಲುವುದೊಂದು ಜಪ್ಪಯ್ಯ ಅಂದರೂ ಬರಲಿಲ್ಲ. ಬೆನ್ನ ಕೆಳಗೆ ಮೈತೆಯ ಕೈ ಇರುವ ತನಕ ತೇಲುತ್ತಿದ್ದ, ಅವಳು ಕೈ ತೆಗೆದರೆ ಗುಂಡುಕಲ್ಲಿನ ಹಾಗೆ ಕೆಳಗೆ. ಜೂನ್ ಬಂತು. ಅವಳು ಒಂದು ದಿನ ಟೋಪಿ ತೆಗೆದು, ಸಾಕು, ಬಾಯಿ ಮುಚ್ಚಿಕೊಂಡು ಹಾರುವುದು ಕಲಿತೆಯಲ್ಲ ಅಂದಳು. ಹಾರಿದ ಮೇಲೆ ಏನು ಮಾಡಬೇಕೆಂದು ಅವನು ಕೇಳಿದ್ದಕ್ಕೆ, ಹಾರಿದ ಮೇಲೆ ನೋಡೋಣ ಎಂದು ಮೈ ಒರೆಸಿಕೊಂಡಳು.

ಶುಕ್ರವಾರ ಅಂಚೆ ಕಚೇರಿಯ ಮುಂದೆ ಡೆಲ್ಬರ್ಟ್ ಸಿಕ್ಕಿದ. ವಾಸೋ ರಾತ್ರಿಯೆಲ್ಲ ಯೋಚಿಸಿ ಸೋಲೊಪ್ಪುವುದೆಂದು ತೀರ್ಮಾನಿಸಿಕೊಂಡೇ ಬಂದಿದ್ದ. ನೀನೇ ಹಾರಪ್ಪ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಡೆಲ್ಬರ್ಟ್‌ನೇ ಬಾಯಿ ತೆರೆದ.

"ಏನೋ ವಾಸೋ, ನಾಳೆ ಹಾರ್ತೀಯೋ, ಇಲ್ಲ ಏಣಿ ಹಿಡ್ಕೊಂಡು ಮೆಲ್ಲಗೆ ಇಳೀತೀಯೋ? ನಿನ್ನ ವಯಸ್ಸಿಗೆ ಏಣಿಯೂ ನಡೆಯತ್ತೆ ಕಣೋ, ಯಾರೂ ಏನೂ ಅನ್ಕೊಳಲ್ಲ. ಆಗಲ್ಲ ಅಂದ್ರೆ ನಾನಿದೀನಲ್ಲ."

ನಾಲಿಗೆಯ ತುದಿಯಲ್ಲಿದ್ದ ಮಾತನ್ನು ವಾಸೋ ನುಂಗಿದ. "ನೀನು ಟವೆಲ್ ಹಿಡ್ಕೊಂಡು ನಿಂತ್ಕೋ ಹೋಗು. ಒದ್ದೆ ಮಾಡ್ಬೇಡ," ಎಂದು ಹೇಳಿ, ಕಾಗದಪತ್ರ ತೆಗೆದುಕೊಳ್ಳುವುದನ್ನೂ ಮರೆತು ಮನೆಗೆ ಬಂದ.

ಶನಿವಾರ ಆಕಾಶ ತೊಳೆದಿಟ್ಟ ಹಾಗಿತ್ತು. ಕಂಪನಿಯ ಕಾಲದಲ್ಲಿ ಒಂದೇ ಬಣ್ಣದಲ್ಲಿದ್ದ, ಈಗ ಹಳದಿ, ನೀಲಿ, ಗುಲಾಬಿ ಬಳಿದುಕೊಂಡು ಮೆರೆಯುವ ಮನೆಗಳಿಂದ ಜನ ಮಕ್ಕಳುಮರಿ ಕಟ್ಟಿಕೊಂಡು ಕೊಳದ ಕಡೆ ಹೊರಟರು. ಸರ್ಬಿಯನ್ ಹೆಂಗಸರು ಅಕ್ರೋಟು ತುಂಬಿ ಸುತ್ತಿದ ರೊಟ್ಟಿ ತಂದಿದ್ದರು, ಬೆನ್ಯಾತ್ ಕೆಂಡದ ಮೇಲೆ ಮಾಂಸ ತಿರುವುತ್ತಿದ್ದ. ಹಿಂದೆ ಕರಿಯ ಕಿಟ್ಟದ ಗುಡ್ಡ ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು. ವಾಸೋ ಹಳೆಯ ಚಡ್ಡಿಯಲ್ಲಿ ಹಲಗೆಯ ತುದಿಗೆ ಬಂದು ನಿಂತು ಕೆಳಗೆ ನೋಡಿದ. ತಳ ಕಾಣುತ್ತಿತ್ತು, ಬಹಳ ಕೆಳಗೆ. ದಡದ ಉದ್ದಕ್ಕೂ ಜನ ಕಾಲ್ಬೆರಳುಗಳನ್ನು ಅಂಚಿಗೆ ಒತ್ತಿ ಸಾಲಾಗಿ ನಿಂತಿದ್ದರು. ಮೈತೆ ಹಲಗೆಯ ಪಕ್ಕದಲ್ಲೇ ಇದ್ದಳು. ಅಗ್ನಿಶಾಮಕ ಲಾರಿಯ ಸೈರನ್ ಕೂಗಿತು.

ವಾಸೋ ಬಾಯಿ ಮುಚ್ಚಿಕೊಂಡು ಹಾರಿದ.

ನೀರು ಎಲ್ಲ ಕಡೆಯಿಂದ ಮೈಗೆ ಅಪ್ಪಳಿಸಿತು. ಅವನು ಕೆಳಗೆ, ಇನ್ನೂ ಕೆಳಗೆ ಹೋದ. ಮುಗಿಯಿತು ಅಂದುಕೊಂಡು ಕಣ್ಣು ತೆರೆದ. ತೆರೆದರೆ ತಲೆಯ ಮೇಲೆ ಕಾಲುಗಳು, ನೂರಾರು ಕಾಲುಗಳು, ಮಳೆ ಸುರಿದ ಹಾಗೆ ನೀರಿಗೆ ಬೀಳುತ್ತಿದ್ದವು. ಆಮೇಲೆ ಕೈಗಳು. ಒಂದು ಕಂಕುಳಿಗೆ, ಒಂದು ತೋಳಿಗೆ, ಇನ್ನೊಂದು ಚಡ್ಡಿಯ ಸೊಂಟಕ್ಕೆ. ಬೆನ್ನ ಕೆಳಗೆ ಬಂದ ಕೈಯನ್ನು ಅವನು ನೋಡಬೇಕಾಗಿರಲಿಲ್ಲ, ಕುರಿಯ ತೊಟ್ಟಿಯಲ್ಲಿ ಅದರ ಪರಿಚಯವಾಗಿತ್ತು. ಉಸಿರು ಬಿಡುವುದರೊಳಗೆ ಅವನ ತಲೆ ಮೇಲೆ ಬಂದಿತ್ತು, ಸುತ್ತ ಊರೆಲ್ಲ ಕೇಕೆ ಹಾಕುತ್ತಿತ್ತು. ಅಂಚೆಯ ಹುಡುಗಿ, ಶಾಲೆಯ ಮೇಷ್ಟ್ರು, ಬಾಸ್ಕ್ ಹೋಟೆಲಿನ ಅಡುಗೆಯವನು, ಎಲ್ಲರೂ ಅವನನ್ನು ಹಿಡಿದುಕೊಂಡೇ ಹಿಡಿದಿಲ್ಲದವರ ಹಾಗೆ ಬೇರೆ ಕಡೆ ನೋಡಿಕೊಂಡು ನಗುತ್ತಿದ್ದರು.

"ಇವರಿಗೆಲ್ಲ ಗೊತ್ತಿತ್ತಾ?" ವಾಸೋ ಮೈತೆಯ ಕಿವಿಯಲ್ಲಿ ಕೇಳಿದ.

"ಕುಲುಮೆಯವ್ರಲ್ಲಿ ಯಾರಿಗೆ ಈಜು ಬರತ್ತೆ ಹೇಳು? ನೀರು ಕಂಡ್ರೆ ಎಲ್ರೂ ಮರಗಟ್ಟಿಹೋಗ್ತೀರಿ. ಮೊದಲನೇ ವರ್ಷ ಹಾರಿದೋನು ಸೀದಾ ತಳಕ್ಕೆ ಹೋದನಂತೆ, ಊರೆಲ್ಲ ಹಿಂದೆ ಬಿದ್ದು ಎತ್ತಿತಂತೆ. ಆಮೇಲೆ ಅದೇ ಪದ್ಧತಿ ಆಯ್ತು."

"ನಿಕ್‌ಗೂ ಬರ್ತಿರ್ಲಿಲ್ವಾ?"

"ಅವನನ್ನ ಪ್ರತಿ ವರ್ಷ ನಾನೇ ಎತ್ತಿದ್ದು. ಎತ್ತಿದ್ದಕ್ಕೆ ಬೈತಿದ್ದ ಬೇರೆ."

ಇಷ್ಟು ವರ್ಷ ದಡದಲ್ಲಿ ನಿಂತವನಿಗೆ ಕಂಡದ್ದು ನೀರು ಎರಚುವುದಷ್ಟೇ. ಒಳಗೆ ನಡೆಯುತ್ತಿದ್ದದ್ದು ಒದ್ದೆಯಾದವರಿಗೆ ಮಾತ್ರ ಗೊತ್ತಿತ್ತು. ಹಾಗಾದರೆ ಕುರಿಯ ತೊಟ್ಟಿಯಲ್ಲಿ ನನ್ನನ್ನು ಯಾಕೆ ನಡುಗಿಸಿದೆ, ಮೊದಲೇ ಹೇಳಬಾರದಿತ್ತೇ ಎಂದು ಅವನು ಕೇಳಿದ. ಹಾರುವವನಿಗೆ ಹೇಳುವ ಹಾಗಿಲ್ಲ, ಹೆದರಿಕೊಂಡೇ ಹಾರಬೇಕು, ಇಲ್ಲದಿದ್ದರೆ ನೀರು ಕಾಯುವುದಿಲ್ಲ ಎಂದಳು ಮೈತೆ. ಇನ್ನೊಂದನ್ನು ಮೆಲ್ಲಗೆ ಸೇರಿಸಿದಳು. "ನಿನ್ನ ಕಿವಿ ಸೋರಿದ್ದನ್ನ ಒಂದು ದಿನವಾದ್ರೂ ನಾನು ನೋಡಿದೀನಾ? ನೀನಾಗೇ ಹೇಳ್ತೀಯೇನೋ ಅಂತ ಕಾದೆ. ಎಷ್ಟು ಹೊತ್ತು ತಗೊಂಡೆ ಮಾರಾಯ."

ವಾಸೋಗೆ ಕಣ್ಣು ತುಂಬಿ ಬಂತು. ಆದರೆ ಕೊಳದಲ್ಲಿರುವವನ ಕಣ್ಣೀರು ಯಾರಿಗೂ ಕಾಣುವುದಿಲ್ಲ, ಅದೊಂದು ಅನುಕೂಲ. ನೀರು ನಿಜವಾಗಿಯೂ ಬೆಚ್ಚಗಿದೆ ಎಂದು ಅವನಿಗೆ ಅನ್ನಿಸಿತು.

ಆಗ ಅವನ ಕಣ್ಣು ದಡದ ಮೇಲೆ ಬಿತ್ತು. ಇಡೀ ಟಾಲ್ಕಟ್‌ನಲ್ಲಿ ಒಣಗಿದ್ದವನು ಒಬ್ಬನೇ. ಪ್ರತಿ ವರ್ಷ ಸೈರನ್ ಕೂಗಿಸುವ ನೆಪದಲ್ಲಿ ಲಾರಿಯೊಳಗೇ ಕೂತಿರುತ್ತಿದ್ದ ಡೆಲ್ಬರ್ಟ್ ಈ ಸಲ ಎರಡೂ ತೋಳಿನ ಮೇಲೆ ಊರವರ ಟವೆಲ್ಲುಗಳನ್ನು ಹೇರಿಕೊಂಡು, ಕತ್ತಿನ ತನಕ ಮುಚ್ಚಿಹೋಗಿ ನಿಂತಿದ್ದ. ನಗಬೇಕಾದ ಕಡೆಯೆಲ್ಲ ನಗುತ್ತಿದ್ದ. ಆ ನಗುವನ್ನು ವಾಸೋ ಚೆನ್ನಾಗಿ ಬಲ್ಲ, ಇಷ್ಟು ಬೇಸಿಗೆಗಳಲ್ಲಿ ಅದೇ ಜಾಗದಲ್ಲಿ ತಾನೂ ಅದನ್ನೇ ಹಚ್ಚಿಕೊಂಡು ನಿಂತಿದ್ದ. ಹಿಂದಿನ ದಿನ ಅಂಚೆ ಕಚೇರಿಯ ಮುಂದೆ ತಾನು ಹೂಂ ಅಂದುಬಿಟ್ಟಿದ್ದರೆ ಈ ಮನುಷ್ಯನ ಗತಿ ಏನಾಗುತ್ತಿತ್ತು ಎಂದು ಯೋಚಿಸಿ ಅವನಿಗೆ ನಗು ತಡೆಯಲಾಗಲಿಲ್ಲ.

ಅವನನ್ನು ಕೆಣಕಲು ಇಡೀ ಚಳಿಗಾಲಕ್ಕೆ ಆಗುವಷ್ಟು ಸರಕು ಸಿಕ್ಕಿತ್ತು. ಊರಿನ ಮುಂದೆ ಒಂದು ಮಾತು ಅಂದಿದ್ದರೆ ಡೆಲ್ಬರ್ಟ್‌ನ ಬಾಯಿ ಮತ್ತೆ ತೆರೆಯುತ್ತಿರಲಿಲ್ಲ. ವಾಸೋ ಮೈತೆಯ ಕೈಯ ಮೇಲೆ ಭಾರ ಬಿಟ್ಟು, ಎಲ್ಲರಿಗೂ ಕೇಳುವ ಹಾಗೆ ಕೂಗಿದ.

"ಡೆಲ್ಬರ್ಟ್, ಒಬ್ಬನ ಕಾವು ಸಾಲ್ತಿಲ್ಲ ಕಣೋ. ನೀನೂ ಬಾ."

ಡೆಲ್ಬರ್ಟ್ ಟವೆಲ್ಲುಗಳನ್ನು ಎದೆಗೆ ಅವಚಿಕೊಂಡ. ಕಿವಿಯದೇನೋ ಸ್ವಲ್ಪ ತೊಂದರೆ ಅಂತ ಹೇಳತೊಡಗಿದ.

"ಗೊತ್ತು," ಎಂದ ವಾಸೋ, ಈ ಸಲ ದನಿ ತಗ್ಗಿಸಿ. "ನಂಗೂ ಅದೇ ಕಿವಿ ಇತ್ತು. ಬಾ, ನಾನು ಹಿಡ್ಕೋತೀನಿ."

ತೇಲಲೂ ಬಾರದವನು ಹೇಳಿದ ಆ ಮಾತನ್ನು ನಂಬಿ ಡೆಲ್ಬರ್ಟ್ ಸೊರೆನ್ಸನ್ ಟವೆಲ್ಲುಗಳ ಸಮೇತ ಹಾರಿದ. ವಾಸೋ ಎರಡೂ ಕೈ ಚಾಚಿ ಅವನನ್ನು ಹಿಡಿದ, ಮೈತೆ ಇಬ್ಬರನ್ನೂ ಹಿಡಿದಳು. ಆ ಸಂಜೆ ಮೈ ಒರೆಸಿಕೊಳ್ಳಲು ಒಂದೇ ಒಂದು ಒಣ ಬಟ್ಟೆ ಸಿಗದೆ ಟಾಲ್ಕಟ್‌ನ ಜನರೆಲ್ಲ ನೀರು ಸೋರಿಸಿಕೊಂಡೇ ಮನೆಗೆ ಹೋದರು.