ಹಾಲಿವುಡ್ ಸಾವಿಗೆ ಬೂಕನಕೆರೆಯ ಉಪ್ಸಾರು

ಗೆಳೆಯರೇ, ನಮ್ಮನೆಯಲ್ಲಿ ಯಾರೂ ಸತ್ತಿಲ್ಲ, ದಯವಿಟ್ಟು ಫೋನ್ ಮಾಡಬೇಡಿ!

ಮಧ್ಯಾಹ್ನ ಟೀವಿಯಲ್ಲಿ ಹಳೇ ಕಪ್ಪು-ಬಿಳುಪು ಹಾಲಿವುಡ್ ಸಿನಿಮಾ ಹಾಕಿದ್ದೆ. ಅದರಲ್ಲಿ ಪುಟ್ಟ ಹುಡುಗಿಯ ತಾಯಿ ಸತ್ತದ್ದೇ ತಡ, ಇಂಗ್ಲಿಷ್ ಬಾರದ ನಮ್ಮಜ್ಜಿ ಎದೆ ಬಡಿದುಕೊಂಡು ಗೊಳೋ ಎಂದು ಅತ್ತಳು.

ತಿಪ್ಪೆ ಜಾಗದ ಜಗಳದಿಂದ ಎರಡು ವರ್ಷ ಮಾತು ಬಿಟ್ಟಿದ್ದ ಪಕ್ಕದ ಮನೆ ಜಯಮ್ಮ, ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ ಎಂದು ಮುದ್ದೆ, ಉಪ್ಸಾರು ಹಿಡಿದು ಓಡಿ ಬಂದಳು.

"ಯಾರು ತೀರೋದ್ರವ್ವ?"

ಅಜ್ಜಿ ಟೀವಿ ತೋರಿಸಿದಳು. "ಆ ಎಣ್ಮಗೀನ ಅವ್ವ ಕಣಮ್ಮಿ!"

ಜಯಮ್ಮ ಸಿಟ್ಟಿಗೆದ್ದು ಪಾತ್ರೆ ಎತ್ತಿಕೊಂಡಳು. ಟೀವಿ ನೋಡಿದಳು. ಅಲ್ಲೇ ಕುಳಿತಳು. "ಅಯ್ಯೋ, ಎಂಗೆ ಅಳ್ತದಲ್ಲವ್ವ ಮಗ!"

ಇಬ್ಬರೂ ಅತ್ತು ಅತ್ತು ಮುದ್ದೆ ಮುಗಿಸಿದರು. ಹೊರಡುವಾಗ ಜಯಮ್ಮ ಕೇಳಿದಳು, "ನಾಳೆ ಯಾರು ಸಾಯ್ತಾರೆ? ಬಸ್ಸಾರು ತತ್ತೀನಿ."

ನಾಳೆಗೆ ನಗೆ ಸಿನಿಮಾ ಇಟ್ಟುಕೊಂಡಿದ್ದೆ. ಬಸ್ಸಾರಿಗಾಗಿ ಯಾರನ್ನಾದರೂ ಸಾಯಿಸಲೇಬೇಕು.